ಅಡುಗೆಮನೆ ಬಾಗಿಲಿನಿಂದ ಬರುತ್ತಿದ್ದ ಮೇಷ್ಟ್ರು

ಮಕ್ಕಳೇ, ಮಹಾಲಯ ಅಮಾವಾಸ್ಯೆಯ ದಿನ ನಾನು ಸ್ಟೀಲ್ ಡಬ್ಬಿಯಲ್ಲಿ ಮುದ್ದೆ, ಉಪ್ಸಾರು ತುಂಬಿಕೊಂಡು ನರಸೀಪುರದ ಬಸ್ಸು ಹತ್ತಿದ್ದು ನಿಮಗೆ ನೆನಪಿರಬೇಕು. ಮಧ್ಯಾಹ್ನ ಅದೇ ಡಬ್ಬಿಯನ್ನು ತುಂಬಿದ ಹಾಗೇ ವಾಪಸು ತಂದೆ. "ಯಾಕಜ್ಜಿ, ಯಾರೂ ಉಣ್ಲಿಲ್ವಾ?" ಎಂದು ಕೇಳಿದಿರಿ. ನಾನು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದೆ. ನನಗೆ ಬಾಯಿಬಿಟ್ಟು ಹೇಳಲು ಬರುವುದಿಲ್ಲ. ನಾಲ್ಕು ಜನ ನನ್ನ ಮುಖ ನೋಡಿದರೆ ಒಲೆಯ ಕಡೆ ತಿರುಗಿಬಿಡುತ್ತೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದರಲ್ಲಿ ಬರೆಯುತ್ತಿದ್ದೇನೆ.

ಆ ಡಬ್ಬಿ ಮೇಷ್ಟ್ರಿಗೆ.

ಮೇಷ್ಟ್ರ ಹೆಸರನ್ನು ನಾನು ಬರೆಯುವುದಿಲ್ಲ. ಅವರದೂ ನಿಮ್ಮ ತಾತನದೂ ಒಂದೇ ಹೆಸರು. ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳುವುದಿರಲಿ, ಆ ಹೆಸರಿನ ದೇವರಿಗೂ ಬೇರೊಂದು ಹೆಸರಿಟ್ಟು ಕೈ ಮುಗಿಯುತ್ತಿದ್ದೆವು. ನಾನು ಮದುವೆಯಾಗಿ ಈ ಮನೆಗೆ ಬಂದ ದಿನ ನಾದಿನಿಯರು ಹೊಸಲಿನ ಮೇಲೆ ತಡೆದು ನಿಲ್ಲಿಸಿದರು. "ಗಂಡನ್ ಎಸ್ರೇಳು, ಆಮೇಲೆ ಒಳಿಕ್ ಬಾ" ಎಂದು ಕಾಡಿದರು. ಎಲ್ಲ ಹುಡುಗಿಯರೂ ನಾಚಿಕೊಂಡು ಕೊನೆಗೆ ಹೇಳಿಬಿಡುತ್ತಾರೆ. ನನಗೆ ಬಾಯೇ ಬರಲಿಲ್ಲ. ಸೇರನ್ನು ಒದೆಯದೆ, ಬಲಗಾಲು ಮುಂದಿಟ್ಟುಕೊಂಡು ಹಾಗೇ ನಿಂತೆ. ನಿಮ್ಮ ಮುತ್ತಜ್ಜಿ ಬಂದು, "ಬುಡ್ರೇ, ಮೂಕಿ ಅದು, ಸಂಜೆಗಂಟ ನಿಂತಿರ್ತದೆ" ಎಂದು ಒಳಗೆ ಕರೆದುಕೊಂಡರು. ಆಮೇಲೂ ಹೇಳಲಿಲ್ಲ. ನಿಮ್ಮ ತಾತ ತೀರಿಹೋಗುವವರೆಗೂ ಹೇಳಲಿಲ್ಲ. ಹೋದ ಮೇಲೆ ಹೇಳುವ ಪ್ರಮೇಯ ಬರಲಿಲ್ಲ.

ಅವರು ಹೋದಾಗ ನಿಮ್ಮಪ್ಪ ಇನ್ನೂ ಸ್ಕೂಲಿಗೆ ಹೋಗುತ್ತಿದ್ದ. ತಿಥಿ ಮುಗಿದ ಮೇಲೆ ಒಂದು ದಿನ ಮೇಷ್ಟ್ರು ನಮ್ಮ ಜಗಲಿಯ ಮೇಲೆ ಬಂದು ಕೂತರು. ನರಸೀಪುರದ ಕಾಲೇಜಿನಲ್ಲಿ ಬಹಳ ವರ್ಷ ಪಾಠ ಹೇಳಿ ಆಗಷ್ಟೇ ನಿವೃತ್ತರಾಗಿದ್ದರು. ಹಳ್ಳಿ ಹೆಣ್ಣುಮಕ್ಕಳು ಓದಲೆಂದು ಒಂದು ಹೆಂಚಿನ ಮನೆ ಬಾಡಿಗೆಗೆ ಹಿಡಿದು ಹಾಸ್ಟೆಲ್ ನಡೆಸುತ್ತಿದ್ದರು. ನನಗೆ ಸಮಾಧಾನದ ಮಾತು ಒಂದೂ ಹೇಳಲಿಲ್ಲ. "ಮುದ್ದೆ ಕಟ್ಟಕ್ಕೆ ಬರ್ತದಾ ಅವ್ವ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. "ಗಂಟಾಗಲ್ಲ ತಾನೆ?" ನಾನು ಇಲ್ಲವೆಂದು ತಲೆಯಾಡಿಸಿದೆ. "ಸರಿ, ಸೋಮವಾರದಿಂದ ಬಾ. ನಮ್ಮ ಹುಡುಗೀರು ಎಲ್ಲಾ ಸಹಿಸ್ಕೊತಾರೆ, ಗಂಟು ಮುದ್ದೆ ಮಾತ್ರ ಸಹಿಸಲ್ಲ."

ಅಷ್ಟೇ. ನಮ್ಮ ಮನೆಯಲ್ಲಿ ಮತ್ತೆ ಒಲೆ ಹತ್ತಿದ್ದು ಆ ಮಾತಿನಿಂದ.

ಮುಂದಿನ ವರ್ಷವೇ ಹಳೇ ವಿದ್ಯಾರ್ಥಿಗಳೂ ಸುತ್ತಿನ ಹಳ್ಳಿಯವರೂ ಸೇರಿ ನಂಜನಗೂಡು ರಸ್ತೆಯಲ್ಲಿ ದೊಡ್ಡ ಕಟ್ಟಡ ಎಬ್ಬಿಸಿದರು. ಹದಿನಾರು ಎಂಬ ಊರಿನಿಂದ ಭತ್ತ ಬಂತು, ಬನ್ನೂರಿನ ಕಡೆಯಿಂದ ಬೆಲ್ಲದ ಪಿಂಡಿ ಬಂದವು, ಇಟ್ಟಿಗೆ ಹೊತ್ತವರು ಕೂಲಿ ಕೇಳಲಿಲ್ಲ. ಗೃಹಪ್ರವೇಶದ ದಿನ ಬೋರ್ಡಿನ ಮೇಲಿದ್ದ ಬಟ್ಟೆ ಸರಿಸಿದರು. ನೋಡಿದರೆ ಮೇಷ್ಟ್ರ ಹೆಸರೇ. ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದರು. ಊಟಕ್ಕೆ ಎಲ್ಲರೂ ಎದ್ದಾಗ ಹಿಂದುಗಡೆಯಿಂದ ಸುತ್ತಿ ಅಡುಗೆಮನೆ ಬಾಗಿಲಲ್ಲಿ ಒಳಗೆ ಬಂದರು.

ಅಂದಿನಿಂದ ಹಾಸ್ಟೆಲ್ ಮುಚ್ಚುವವರೆಗೂ ಅವರು ಮುಂಬಾಗಿಲಲ್ಲಿ ಕಾಲಿಟ್ಟಿದ್ದನ್ನು ನಾನು ನೋಡಿಲ್ಲ. ಮಂತ್ರಿಗಳು ಬಂದಾಗಲೂ ಅವರನ್ನು ಮುಂದಿನಿಂದ ಕಳಿಸಿ ತಾವು ಹಿಂದಿನಿಂದ ಬಂದರು. ನನ್ನ ಜೊತೆ ಕೆಲಸಕ್ಕಿದ್ದ ಜಯಮ್ಮ ಬಾಯಿಗೆ ಬೀಗ ಇಲ್ಲದವಳು. ಅವಳೇ ಒಂದು ದಿನ ಕೇಳಿದಳು.

"ಅಲ್ಲಾ ಮೇಷ್ಟ್ರೇ, ಅಷ್ಟು ದೊಡ್ ಬಾಗ್ಲು ಬುಟ್ಬುಟ್ಟು ಈ ಬೂದಿ ಗುಡ್ಡೆ ದಾಟ್ಕಂಡ್ ಬತ್ತೀರಲ್ಲ."

"ಅಲ್ಲಿ ನನ್ನ ಹೆಸರು ತೂಗಾಕವ್ರೆ ಕಣವ್ವ. ಅದರ ಕೆಳಗೆ ನಾನೇ ನುಗ್ಗೋದು ಹೆಂಗೆ? ನಾಚಿಕೆ ಆಯ್ತದೆ."

"ಜನ ಆಸೆಬುದ್ದು ಆಕವ್ರೆ."

"ಸತ್ತ ಮೇಲೆ ಹಾಕಿದ್ರೆ ನನಗೆ ನಾಚಿಕೆ ಆಗ್ತಿರಲಿಲ್ಲ."

ಒಳಗೆ ಬರುವ ಮೊದಲು ಹೊರಗೆ ನಿಂತು ಒಂದು ಸಲ ಕೆಮ್ಮುತ್ತಿದ್ದರು. ಒಲೆಯ ಸೆಕೆಗೆ ಸೆರಗು ಸಡಿಲ ಮಾಡಿಕೊಂಡಿದ್ದರೆ ಸರಿಮಾಡಿಕೊಳ್ಳಲಿ ಎಂದು. ಹುಡುಗಿಯರಿಗೆ ಆ ಕೆಮ್ಮು ಬಾಯಿಪಾಠ. ಎಷ್ಟೋ ಸಲ ಬಾಗಿಲಾಚೆ ಅವರ ಹಾಗೇ ಕೆಮ್ಮಿ, ನಾನು ಗಡಬಡಿಸಿ ಎದ್ದು ನಿಂತರೆ ನಕ್ಕು ಓಡುತ್ತಿದ್ದರು. ಒಂದು ಸಲ ಹುಡುಗಿಯೊಬ್ಬಳು ಹಾಗೆ ಕೆಮ್ಮುವಾಗ ಹಿಂದೆ ಮೇಷ್ಟ್ರೇ ನಿಂತಿದ್ದರು. "ಇನ್ನೂ ಸ್ವಲ್ಪ ಕಫ ಸೇರಿಸು ಮಗಾ, ಆಗ ನನ್ನದೇ ಆಯ್ತದೆ" ಎಂದರು.

ಬಂದವರು ಒರಳಿನ ಕಲ್ಲಿನ ಮೇಲೆ ಕೂತು ಚೂರು ಮುದ್ದೆ ಉಪ್ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ಚೆನ್ನಾಗಿದೆ ಎಂದು ಎಂದೂ ಹೇಳಿದವರಲ್ಲ. ಇನ್ನೊಂದು ಚೂರು ಕೇಳಿದರೆ ಚೆನ್ನಾಗಿದೆ ಎಂದು ನಾವು ತಿಳಿಯಬೇಕು.

ಒಬ್ಬ ತಂದೆ ಮಗಳನ್ನು ಸೇರಿಸಲು ಬಂದಿದ್ದ. ದೊಡ್ಡ ಹಿಡುವಳಿದಾರ. ಮಂಚ ನೋಡಿದ, ಬಚ್ಚಲು ನೋಡಿದ, ಆಮೇಲೆ ಅಡುಗೆಮನೆಗೆ ತಲೆ ಹಾಕಿ ನನ್ನನ್ನು ನೋಡಿ ಮೇಷ್ಟ್ರ ಹತ್ತಿರ ಮೆಲ್ಲಗೆ, "ಅಡ್ಗೆಯೋರು ಯಾವ ಪೈಕಿ ಸಾ?" ಎಂದ. ನಾನು ತಲೆ ಬಗ್ಗಿಸಿ ಒಲೆ ಊದುತ್ತಿದ್ದೆ. ಮೇಷ್ಟ್ರು ಗಟ್ಟಿಯಾಗಿ ಹೇಳಿದರು: "ಕೇಳಿ, ತಪ್ಪಿಲ್ಲ. ಆದ್ರೆ ಇಲ್ಲೊಂದು ಪದ್ಧತಿ ಅದೆ. ಮುದ್ದೆ ಕಟ್ಟೋ ಕೈ ಯಾರ್ದು ಅಂತ ಕೇಳಿದೋರು ಒಂದು ಹೊತ್ತು ಎಲ್ಲಾ ಮಕ್ಕಳ ತಟ್ಟೆ ತೊಳೆದು ಹೋಗಬೇಕು. ಪಂಚೆ ಎತ್ತಿ ಕಟ್ಕೊಳ್ಳಿ." ಅಂಥ ಪದ್ಧತಿ ಯಾವುದೂ ಇರಲಿಲ್ಲ. ಆ ಮನುಷ್ಯ ನಕ್ಕು, "ಇರ್ಲಿ ಬುಡಿ ಸಾ" ಎಂದ. ಮಗಳನ್ನು ಬಿಟ್ಟೇ ಹೋದ. ಆ ಹುಡುಗಿ ರಜೆಗೆ ಹೋಗುವಾಗ ನನ್ನ ಕೈಯಲ್ಲಿ ಮುದ್ದೆ ಕಟ್ಟಿಸಿಕೊಂಡು ಹೋಗುತ್ತಿದ್ದಳು.

ಪರೀಕ್ಷೆಗೆ ಮೊದಲೇ ಮದುವೆ ಮಾಡುವವರ ಕಾಟ ಬಹಳವಿತ್ತು. ಹೆಮ್ಮರಗಾಲದ ಕಡೆಯ ಹುಡುಗಿಯೊಬ್ಬಳನ್ನು ಹಾಗೆ ಕರೆದುಕೊಂಡು ಹೋದರು. ಮೇಷ್ಟ್ರು ಮದುವೆಗೆ ಹೋಗಿ ಅಕ್ಷತೆ ಹಾಕಿ ಗಂಡಿನ ಕಿವಿಯಲ್ಲಿ ಏನೋ ಹೇಳಿದರು. ಪರೀಕ್ಷೆಯ ದಿನ ಗಂಡನೇ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದ. ಕಿವಿಯಲ್ಲಿ ಏನಂದಿರಿ ಎಂದು ಜಯಮ್ಮ ಕೇಳಿದ್ದಕ್ಕೆ, "ಏನಿಲ್ಲ. ಪರೀಕ್ಷೆಗೆ ನೀನು ಕರ್ಕೊಂಡು ಬರ್ತೀಯಾ, ನಾನು ಬಂದು ನಿಮ್ಮನೇಲೇ ಉಳ್ಕೊಳ್ಳಾ ಅಂದೆ" ಎಂದರು. ಎಲ್ಲ ಸಲವೂ ಹೀಗಾಗಲಿಲ್ಲ. ಹೋದವರಲ್ಲಿ ತಿರುಗಿ ಬಾರದವರೇ ಹೆಚ್ಚು. ಅವರ ಮಾತು ಬಂದರೆ ಮೇಷ್ಟ್ರು ಎರಡನೇ ಚೂರು ಮುದ್ದೆ ಕೇಳುತ್ತಿರಲಿಲ್ಲ.

ಈಗ ಬಸ್ಸಿನ ವಿಷಯ.

ಆಗ ನಮ್ಮೂರಿಗೆ ಬಸ್ಸಿರಲಿಲ್ಲ. ಟಾರು ರಸ್ತೆಗೆ ಬರಬೇಕಾದರೆ ಗದ್ದೆ ಬದುವಿನ ಮೇಲೆ ನಡೆಯಬೇಕು. ನಾನು ವಾರವೆಲ್ಲ ಹಾಸ್ಟೆಲಿನ ಅಡುಗೆಮನೆ ಪಕ್ಕದಲ್ಲೇ ಮಲಗಿ ಶನಿವಾರ ಊರಿಗೆ ಬರುತ್ತಿದ್ದೆ. ನಿಮ್ಮಪ್ಪ ಮುತ್ತಜ್ಜಿಯ ಹತ್ತಿರ ಬೆಳೆದ. ನಮ್ಮೂರ ದಾರಿಯಲ್ಲೇ ಇನ್ನೂ ಒಳಗಿನ ಹಳ್ಳಿಯ ಹುಡುಗಿಯೊಬ್ಬಳು ಹಾಸ್ಟೆಲಿನಲ್ಲಿದ್ದಳು. ಒಂದು ಮಳೆಗಾಲ ಅವಳ ತಂದೆಗೆ ಎದೆನೋವೆಂದು ಸುದ್ದಿ ಬಂತು. ಮೇಷ್ಟ್ರು ತಾವೇ ಅವಳನ್ನು ಕರೆದುಕೊಂಡು ಹೊರಟರು. ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಊರು ತಲುಪುವಷ್ಟರಲ್ಲಿ ಹೆಣವನ್ನು ಮಣ್ಣು ಮಾಡಿ ಮುಗಿದಿತ್ತು. ಮರಳಿ ಬಂದವರು ಒರಳ ಮೇಲೆ ಕೂತು, "ಓದಕ್ಕೆ ಅಂತ ಕರ್ಕೊಂಡು ಬಂದು ಅಪ್ಪನ ಮುಖ ತಪ್ಪಿಸಿಬಿಟ್ಟೆ ಕಣವ್ವ" ಎಂದರು. ಕಾಲಿನ ಕೆಸರು ತೊಳೆದುಕೊಂಡಿರಲಿಲ್ಲ.

ಅದಾದ ಮೇಲೆ ಬಸ್ ಡಿಪೋಗೆ ಅಲೆಯಲು ಶುರುಮಾಡಿದರು. ಸಂತೆಗೆ ಹೋದ ಹಾಗೆ ವಾರವಾರವೂ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು. ಮ್ಯಾನೇಜರ್ ಹೇಳಿದ್ದನ್ನು ಬಂದು ನಮ್ಮ ಮುಂದೆ ಆಡಿ ತೋರಿಸುತ್ತಿದ್ದರು.

"ಮೇಷ್ಟ್ರೇ, ನಿಮ್ಮ ದಾರೀಲಿ ಜನ ಎಲ್ಲವ್ರೆ? ಬರೀ ಗುಂಡಿ."

"ಗುಂಡಿಗೆ ನಾವು ಮಣ್ಣು ಹಾಕ್ತೀವಿ. ನೀವು ಬಸ್ಸು ಹಾಕಿ."

ನಿಜವಾಗಿಯೂ ಮಣ್ಣು ಹಾಕಿದೆವು. ಊರಿನವರು ಮಂಕರಿ ಹಿಡಿದು ಬಂದರು, ಹಾಸ್ಟೆಲಿನ ಹುಡುಗಿಯರೂ ಭಾನುವಾರ ಬಂದು ಹೊತ್ತರು. ಕೊನೆಗೆ ನಂಜನಗೂಡಿನಿಂದ ನಮ್ಮ ಹಳ್ಳಿಗಳನ್ನು ಸುತ್ತಿಕೊಂಡು ನರಸೀಪುರಕ್ಕೆ ಹೋಗುವ ಕೆಂಪು ಬಸ್ಸು ಬಂತು. ಚಕ್ರಕ್ಕೆ ನಿಂಬೆಹಣ್ಣಿಟ್ಟು ಕಾಯಿ ಒಡೆದರು. ಮೇಷ್ಟ್ರು ಸೀಟು ಕೊಟ್ಟರೂ ಕೂರದೆ ಕಂಬಿ ಹಿಡಿದು ಉದ್ದಕ್ಕೂ ನಿಂತೇ ಬಂದರು. ಅಂದಿನಿಂದ ನಾನು ದಿನಾ ಮನೆಗೆ ಬರುವಂತಾಯಿತು. ನಿಮ್ಮಪ್ಪನ ಜೊತೆ ಕೂತು ಉಣ್ಣುವಂತಾಯಿತು.

ಆ ಬಸ್ಸಿಗೆ ಹಾಸ್ಟೆಲಿನ ಮುಂದೆ ಒಂದು ಸ್ಟಾಪು ಆಯಿತು. ಸ್ಟಾಪಿಗೂ ಬೋರ್ಡಿನ ಮೇಲಿದ್ದ ಹೆಸರೇ. ನನಗೆ ಪೀಕಲಾಟ ಶುರುವಾಯಿತು. ಕಂಡಕ್ಟರ್ ಎಲ್ಲಿಗೆ ಎಂದರೆ ನಾನು, "ಕಾಲೇಜ್ ದಾಟಿ ಮುಂದ್ಲು ಸ್ಟಾಪು" ಎನ್ನುತ್ತಿದ್ದೆ.

"ಅದ್ಕೆ ಎಸ್ರಿಲ್ವಾ ಅಕ್ಕ?"

ಹಿಂದಿನ ಸೀಟಿನಿಂದ ಯಾರಾದರೂ, "ಅವ್ರ ಯಜಮಾನ್ರ ಎಸ್ರು ಕಣಪ್ಪ ಅದು, ಏಳಂಗಿಲ್ಲ, ಟಿಕೀಟ್ ಕೊಡು" ಎನ್ನುತ್ತಿದ್ದರು. ಬಸ್ಸೆಲ್ಲ ನಗುತ್ತಿತ್ತು. ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಮೇಷ್ಟ್ರಿಗೂ ಈ ಸುದ್ದಿ ಮುಟ್ಟಿತು. "ನನ್ನ ಹೆಸರು ಹೇಳದೆ ಇರೋಳು ಈ ತಾಲೂಕಲ್ಲಿ ನೀನೊಬ್ಬಳೇ. ನಿನ್ನಿಂದ ನನಗೆ ಎಷ್ಟೋ ನೆಮ್ಮದಿ" ಎಂದರು.

ಒಂದು ಮಾತು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಸ್ಟಾಪು ಹತ್ತಿರವಾದಾಗ ಕಂಡಕ್ಟರ್ ಬಾಗಿಲಲ್ಲಿ ನಿಂತು ಆ ಹೆಸರನ್ನು ಕೂಗುತ್ತಿದ್ದ. ನಿಮ್ಮ ತಾತ ಹೋದ ಮೇಲೆ ನಮ್ಮ ಮನೆಯಲ್ಲಿ ಆ ಹೆಸರು ಕೂಗುವವರು ಯಾರೂ ಇರಲಿಲ್ಲ. ನಾನು ದಿನಾ ಬೆಳಿಗ್ಗೆ ಅದನ್ನು ಕೇಳಿಸಿಕೊಂಡು ಇಳಿಯುತ್ತಿದ್ದೆ.

ಬಸ್ಸು ಬಂದಮೇಲೆ ಹಾಸ್ಟೆಲು ತೆಳುವಾಗುತ್ತಾ ಬಂತು. ಮೊದಲು ಹತ್ತಿರದ ಊರಿನವರು ಬಿಟ್ಟರು. ಬೆಳಿಗ್ಗೆ ಹತ್ತಿ ಸಂಜೆ ಇಳಿಯಬಹುದಲ್ಲ. ಆಮೇಲೆ ಇನ್ನೊಂದು ಬಸ್ಸು, ಮತ್ತೊಂದು ದಾರಿ. ಹೆಂಗಸರ ಟಿಕೀಟಿಗೆ ದುಡ್ಡೇ ಬೇಡ ಎಂದಾದ ಮೇಲೆ ದೂರದವರೂ ಬಿಟ್ಟರು. ನಾವು ದೊಡ್ಡ ತಪ್ಪಲೆಯನ್ನು ಅಟ್ಟಕ್ಕೆ ಹಾಕಿ ನಡುವಿನದಕ್ಕೆ ಬಂದೆವು, ಆಮೇಲೆ ಸಣ್ಣದಕ್ಕೆ. ಮೇಷ್ಟ್ರು ಕೆಮ್ಮಿ ಒಳಗೆ ಬಂದು ಮೊದಲು ಒಲೆಯ ಮೇಲಿನ ಪಾತ್ರೆ ನೋಡುತ್ತಿದ್ದರು.

ಹಾಸ್ಟೆಲಿನ ಖರ್ಚು ನೋಡಿಕೊಳ್ಳುತ್ತಿದ್ದ ಕಾಲೇಜಿನ ಕಮಿಟಿಯವರು, ಮುಂದಿನ ವರ್ಷ ಮಕ್ಕಳು ಸೇರದಿದ್ದರೆ ಮುಚ್ಚುತ್ತೇವೆ ಎಂದರು. ಮೇಷ್ಟ್ರಿಗೆ ಆಗ ಮೊಣಕಾಲು ಹಿಡಿದುಬಿಟ್ಟಿತ್ತು. ಆದರೂ ಕೋಲೂರಿಕೊಂಡು ಹಳ್ಳಿ ಹಳ್ಳಿ ತಿರುಗಿದರು. ನಮ್ಮ ಮನೆಗೂ ಬಂದರು. ನಿಮ್ಮಲ್ಲಿ ದೊಡ್ಡವಳು ಆಗ ಕಾಲೇಜು ಸೇರುವವಳಿದ್ದಳು. ನಿಮ್ಮಪ್ಪ ಎದ್ದು ನಿಂತು ಅವರಿಗೆ ಕುರ್ಚಿ ಕೊಟ್ಟ. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಮಗಳನ್ನ ಹಾಸ್ಟೆಲಿಗೆ ಕಳಿಸಪ್ಪ. ನಿಮ್ಮವ್ವನೇ ಅವ್ಳೆ ಅಲ್ಲಿ."

"ಅಂಗಲ್ಲ ಸಾ. ಮನೆ ಬಾಗ್ಲಿಗೇ ಬಸ್ ಬತ್ತದೆ. ಬೆಳಿಗ್ಗೆ ಓಗಿ ಸಂಜೆಗೆ ಮನೇಲಿರ್ತಾಳೆ. ಮನೆ ಮಗಳನ್ನ ಮನೇಲಿ ಮಲುಗ್ಸದು ಬುಟ್ಟು…" ಅವನು ಹೆಗಲ ಟವೆಲು ಸರಿಮಾಡಿಕೊಂಡ. "ಆ ಬಸ್ಸು ನೀವೇ ತಾನೆ ಸಾ ತರ್ಸಿದ್ದು."

ಅವನು ಕೊಂಕಿನಿಂದ ಹೇಳಲಿಲ್ಲ. ಉಪಕಾರ ನೆನೆದು ಹೇಳಿದ. ಮೇಷ್ಟ್ರು ಕೋಲಿನ ತುದಿ ನೋಡುತ್ತಾ ಕೂತರು. ಆಮೇಲೆ ನಕ್ಕರು.

"ಹೌದು ಕಣಪ್ಪ. ನಾನೇ ತರ್ಸಿದ್ದು."

"ಬೇಜಾರ್ ಮಾಡ್ಕಬ್ಯಾಡಿ ಸಾ."

"ಬೇಜಾರು ಯಾಕೆ? ಹೆಣ್ಣುಮಕ್ಕಳು ಓದಿದ್ರೆ ಸರಿ. ಅವಳನ್ನ ಕಾಲೇಜು ಮಾತ್ರ ಬಿಡಿಸಬೇಡ."

ನಾನು ಕೊಟ್ಟ ಮಜ್ಜಿಗೆ ಕುಡಿದು ಎದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅರಳಿಕಟ್ಟೆಯ ಮೇಲೆ ಒಬ್ಬರೇ ಕೂತು ಕಾದರು. ತಾವೇ ತರಿಸಿದ ಬಸ್ಸು ಬಂತು, ಮೊಣಕಾಲು ಎತ್ತಲಾರದೆ ಇಬ್ಬರು ಹಿಡಿದು ಹತ್ತಿಸಿದರು. ಅಷ್ಟೆಲ್ಲ ತಿರುಗಿದರೂ ಒಂದು ಮಗುವೂ ಸಿಗಲಿಲ್ಲ. ಎಲ್ಲ ಊರಿನಲ್ಲೂ ಕುರ್ಚಿ ಕೊಟ್ಟರಂತೆ, ಮಜ್ಜಿಗೆ ಕೊಟ್ಟರಂತೆ, ಅದೇ ಮಾತು ಹೇಳಿದರಂತೆ.

ಮುಚ್ಚಿದ ದಿನ ನಾನು, ಜಯಮ್ಮ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದೆವು. ಮೇಷ್ಟ್ರು ಹಿಂದಿನಿಂದ ಬಂದರು. ಒಳಗೆ ನಾವಿಬ್ಬರೇ ಇದ್ದೇವೆಂದು ಗೊತ್ತಿದ್ದರೂ ಕೆಮ್ಮಿದರು. ಒಲೆ ಆರಿತ್ತು. ಒರಳ ಮೇಲೆ ಕೂತರು. ಜಯಮ್ಮ, ಅಷ್ಟು ಮಾತಿನವಳು, ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

"ಮೇಷ್ಟ್ರೇ, ನೀವು ಬಸ್ಸು ತರಿಸದೆ ಇದ್ದಿದ್ರೆ…" ಎಂದೆ. ಅವರ ಮುಂದೆ ನಾನಾಗಿ ಮಾತು ತೆಗೆದದ್ದು ಅದೇ ಮೊದಲು ಇರಬೇಕು.

"ತರಿಸ್ತಾನೇ ಇದ್ದೆ ಅವ್ವ. ಅವತ್ತು ಅಪ್ಪನ್ನ ನೋಡಕ್ಕಾಗದೆ ನಿಂತ ಆ ಮಗು ಮುಖ ನೀನು ನೋಡಿರಲಿಲ್ಲ" ಎಂದರು. ಕೋಲೂರಿ ಏಳುತ್ತಾ, "ಬೋರ್ಡನ್ನ ಬೇಗ ತೆಗೆಸಿಬಿಟ್ರೆ ಸಾಕು" ಎಂದರು.

ಅವರ ಮುಖ ನಾನು ಕೊನೆಯದಾಗಿ ನೋಡಿದ್ದು ಅಂದು. ಆಮೇಲೆ ನಂಜನಗೂಡಿನಲ್ಲಿ ತಂಗಿಯ ಮಗನ ಮನೆಯಲ್ಲಿದ್ದರು. ಮದುವೆಯಾದವರಲ್ಲ, ಬೇರೆ ಮನೆ ಇರಲಿಲ್ಲ. ಹೋದ ವರ್ಷ ತೀರಿಕೊಂಡ ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಹೊಳೆದಂಡೆಯಲ್ಲಿ ಎಲ್ಲ ಮುಗಿದುಹೋಗಿತ್ತು.

ಈ ಸಲದ ಅಮಾವಾಸ್ಯೆಗೆ ನಿಮ್ಮ ತಾತನಿಗೆ ಎಡೆ ಇಡುವಾಗ ಅವರದೂ ನೆನಪಾಯಿತು. ಎಡೆ ಎಂದರೆ ಸತ್ತವರು ಇಷ್ಟಪಟ್ಟು ಉಂಡ ಜಾಗದಲ್ಲಿ ಇಟ್ಟರೆ ಒಳ್ಳೆಯದು. ಅವರು ಉಂಡಿದ್ದು ಆ ಅಡುಗೆಮನೆಯಲ್ಲಿ. ಬಾಗಿಲ ಹತ್ತಿರ ಇಟ್ಟು ಬರೋಣ ಎಂದು ಹೊರಟೆ.

ಬಸ್ಸಿನಲ್ಲಿ ಹೊಸ ಕಂಡಕ್ಟರು, ಹೆಣ್ಣುಮಗಳು. ನನ್ನ ಆಧಾರ್ ಕಾರ್ಡು ನೋಡಿ, "ಎಲ್ಲಿಗಜ್ಜಿ?" ಎಂದಳು.

"ಕಾಲೇಜ್ ದಾಟಿ ಮುಂದ್ಲು ಸ್ಟಾಪು."

"ಎಸ್ರೇಳಜ್ಜಿ, ಮಿಸಿನ್ನಿಗೆ ಒತ್ತಬೇಕು."

"ಮೇಷ್ಟ್ರ ಹಾಸ್ಟೆಲು."

"ಅದ್ಯಾವ್ದು? ಯಾವ್ ಮೇಷ್ಟ್ರು?"

ನಾನು ಹಿಂದೆ ತಿರುಗಿ ನೋಡಿದೆ. ಹಿಂದಿನ ಸೀಟುಗಳ ತುಂಬ ಕಾಲೇಜು ಹುಡುಗಿಯರು, ಕಿವಿಗೆ ವೈರು ಸಿಕ್ಕಿಸಿಕೊಂಡವರು. ನನ್ನ ಪರವಾಗಿ ಹೇಳುವವರು ಒಬ್ಬರೂ ಇರಲಿಲ್ಲ. ಕಂಡಕ್ಟರು ಕಾಯುತ್ತಿದ್ದಳು. ನಾನು ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಆ ಹೆಸರು ಹೇಳಿದೆ.

ಅವಳು ಮಿಷನ್ನು ಒತ್ತಿ ಒತ್ತಿ ನೋಡಿದಳು. "ಆ ಎಸ್ರಿನ ಸ್ಟಾಪು ಯಾವ್ದೂ ಬತ್ತಿಲ್ವಲ್ಲಜ್ಜಿ."

ಪಕ್ಕದ ಸೀಟಿನ ಹೆಂಗಸು, "ಕಾಲೇಜ್ ಮುಂದ್ಲುದಾ? ಅಕ್ಕಿ ಗೋಡೌನು ಕಣವ್ವ ಅದು, ಗೋಡೌನ್ ಅಂತ ಒತ್ತು" ಎಂದಳು.

ಸ್ಟಾಪು ಬಂದಾಗ, "ಗೋಡೌನ್, ಗೋಡೌನ್" ಎಂದು ಕೂಗಿದಳು. ಇಳಿದೆ.

ಬೋರ್ಡು ಇದ್ದ ಜಾಗಕ್ಕೆ ಸುಣ್ಣ ಬಳಿದಿದ್ದಾರೆ. ಒಳಗೆಲ್ಲ ರೇಷನ್ ಅಕ್ಕಿಯ ಮೂಟೆ. ಹಿಂದುಗಡೆ ಸುತ್ತಿ ಹೋದೆ. ಅಡುಗೆಮನೆ ಬಾಗಿಲು ತೆಗೆದು ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ. ಗೋಡೆಯ ಬುಡದಲ್ಲಿ ಎಲೆ ಹಾಸಿ, ಮುದ್ದೆ ಇಟ್ಟು, ಪಕ್ಕದಲ್ಲಿ ಉಪ್ಸಾರು ಬಿಟ್ಟು ದೂರ ನಿಂತೆ. ಕಾಗೆ ಬರಲಿಲ್ಲ. ಗೋಡೌನ್ ಕಾಯುವವನು ಬಂದ.

"ಏನವ್ವ ಅದು?"

"ಎಡೆ."

"ಯಾರ್ಗೆ?"

"ಇಲ್ಲಿ ಮೇಷ್ಟ್ರು ಅಂತ ಒಬ್ರಿದ್ರು."

"ನಾ ಬಂದ್ಮೇಲೆ ಯಾರೂ ಇರ್ನಿಲ್ಲ. ಇಲ್ಲಿ ಇಟ್ಟೋಗ್ಬ್ಯಾಡಿ ಕಣವ್ವ, ಮೊದ್ಲೇ ಇಲಿ ಕಾಟ. ಮೂಟೆ ಕಡದ್ರೆ ನನ್ ಕೆಲ್ಸ ಓಯ್ತದೆ. ಬೇಜಾರ್ ಮಾಡ್ಕಬ್ಯಾಡಿ, ಎತ್ಕಬುಡಿ."

ಒಳ್ಳೆಯವನೇ. ಕೈ ತೊಳೆಯಲು ನೀರು ತಂದುಕೊಟ್ಟ. ನಾನು ಮುದ್ದೆಯನ್ನು ಎಲೆಯ ಸಮೇತ ಎತ್ತಿ ಡಬ್ಬಿಗೆ ಹಾಕಿಕೊಂಡೆ. ರಸ್ತೆಗೆ ಬಂದು ನಿಂತೆ. ಬಹಳ ಹೊತ್ತು ಕಾಯಬೇಕಾಗಲಿಲ್ಲ, ಈಗ ಬಸ್ಸುಗಳು ಬೇಕಾದಷ್ಟಿವೆ. ಅದೇ ಬಸ್ಸು ತಿರುಗಿಕೊಂಡು ಬಂತು. ಅದೇ ಕಂಡಕ್ಟರು.

"ಎಲ್ಲಿ ಬಸ್ ಅತ್ತಿದ್ದು ಅಜ್ಜಿ?" ಎಂದಳು.

"ಗೋಡೌನ್" ಎಂದೆ.